ಶಿವಮೊಗ್ಗದಲ್ಲಿ ಮುಖದ ಚರ್ಮಕ್ಕೆ ಸೂಜಿ ಚುಚ್ಚಿಸಿಕೊಂಡವರು ಯಾರಾದರೂ ಇದ್ದೀರಾ?

ತುಂಗಾತೀರ | ನವೆಂಬರ್ 12, ರಾತ್ರಿ 9.40

ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ವಯಸ್ಸು 44. ವೈಶಾಖದಲ್ಲಿ ಅಕ್ಕನ ಮಗಳ ಮದುವೆ. ಕಳೆದ ವಾರ ಸೀರೆ ತೆಗೆಯಲು ಗಾಂಧಿ ಬಜಾರಿಗೆ ಹೋಗಿದ್ದೆವು. ಅಂಗಡಿಯವನು ಸೆರಗನ್ನು ಹೆಗಲಿಗೆ ಹಾಕಿ ಕನ್ನಡಿಯ ಮುಂದೆ ನಿಲ್ಲಿಸಿದ. ತಲೆಯ ಮೇಲೆಯೇ ಬಿಳಿ ದೀಪ. ಸೀರೆ ಚೆನ್ನಾಗಿತ್ತು, ಆದರೆ ನನ್ನ ಕಣ್ಣು ಹೋದದ್ದು ಮುಖದ ಮೇಲೆ. ಕೆನ್ನೆಯಲ್ಲಿ ಕಾಲೇಜು ದಿನಗಳ ಮೊಡವೆ ಬಿಟ್ಟುಹೋದ ಗುಳಿಗಳು. ಕಣ್ಣಿನ ಕೆಳಗೆ ಒಗೆದು ಒಗೆದು ತೆಳುವಾದ ಹತ್ತಿ ಬಟ್ಟೆಯಂಥ ಚರ್ಮ. ಎರಡೂ ಕೆನ್ನೆಮೂಳೆಯ ಮೇಲೆ ಚಹಾ ಚೆಲ್ಲಿದಂತೆ ಹರಡಿದ ಕಂದು ಬಣ್ಣ.

ಸಹೋದ್ಯೋಗಿಯೊಬ್ಬರು ಹೇಳಿದ ಕ್ಲಿನಿಕ್ಕಿಗೆ ಅದೇ ಸಂಜೆ ಹೋದೆ. ವೈದ್ಯರು ಸಿಗಲಿಲ್ಲ. ಒಬ್ಬ ಹುಡುಗಿ ನನ್ನ ಮುಖವನ್ನು ಯಂತ್ರದಲ್ಲಿ ಹಿಡಿದು ನೀಲಿ ಕೆಂಪು ಚುಕ್ಕೆಗಳ ಚಿತ್ರ ತೋರಿಸಿದಳು. ಸಾಲ್ಮನ್ ಮೀನಿನ ಡಿಎನ್ಎ ಚುಚ್ಚಿದರೆ ಚರ್ಮ ಹೊಸದಾಗಿ ಹುಟ್ಟುತ್ತದಂತೆ. ಹದಿನೈದು ದಿನಕ್ಕೊಮ್ಮೆ, ಒಟ್ಟು ನಾಲ್ಕು ಬಾರಿ. ಗುಳಿ, ಸುಕ್ಕು, ಬಂಗು ಎಲ್ಲವೂ ಹೋಗುತ್ತವಂತೆ. 62 ಸಾವಿರ ರೂಪಾಯಿ, ಇವತ್ತೇ ಕಟ್ಟಿದರೆ 48. ಯಾರು ಚುಚ್ಚುತ್ತಾರೆ ಎಂದರೆ "ನಮ್ಮ ತಜ್ಞರು" ಎಂದಳು. ಅವರ ಹೆಸರು ಕೇಳಿದೆ. ಅಷ್ಟರಲ್ಲಿ ಅವಳ ಮೊಬೈಲ್ ಬಡಿದುಕೊಂಡಿತು.

ದುಡ್ಡು ಕಟ್ಟಿಲ್ಲ. ಆದರೆ ಮನಸ್ಸಿನಿಂದ ಹೋಗುತ್ತಲೂ ಇಲ್ಲ. ಮಾಡಿಸಿಕೊಂಡವರು ಇದ್ದರೆ ನಿಜ ಹೇಳಿ.

ಅಡಿಕೆ ಚಪ್ಪರ | ನವೆಂಬರ್ 12, ರಾತ್ರಿ 10.15

ಮಾರಾಯರೇ, 62 ಸಾವಿರ! ಅಷ್ಟು ದುಡ್ಡಿನಲ್ಲಿ ತೋಟಕ್ಕೆ ಕೊಳೆರೋಗದ ಬೋರ್ಡೋ ದ್ರಾವಣ ಹೊಡೆಸಿ, ಮಿಕ್ಕಿದ್ದರಲ್ಲಿ ಕೊನೆಕೊಯ್ಲಿನವರ ಲೆಕ್ಕವನ್ನೂ ಚುಕ್ತಾ ಮಾಡಬಹುದು.

ನಮ್ಮಲ್ಲಿ ಈಗ ಅಡಿಕೆ ಸುಲಿಯುವ ಸಮಯ. ಮನೆಯ ಹೆಂಗಸರ ಬೆರಳುಗಳು ಚೊಗರು ಹಿಡಿದು ಗೋರಂಟಿ ಹಚ್ಚಿದ ಹಾಗಿವೆ, ಯಾವ ಸೋಪಿಗೂ ಬಿಡುವುದಿಲ್ಲ. ಹಿಮ್ಮಡಿ ಒಡೆದರೆ ಮುರುಗಲು ತುಪ್ಪ ಕರಗಿಸಿ ಹಚ್ಚುತ್ತಾರೆ. ನನ್ನ ತಾಯಿ ಮುಖಕ್ಕೂ ಅದನ್ನೇ ಹಚ್ಚುತ್ತಿದ್ದರು. 81ಕ್ಕೂ ಕೆನ್ನೆ ಮಿರಮಿರ ಮಿಂಚುತ್ತಿತ್ತು. ಮೀನು ಬಿಡಿ, ಮುರುಗಲು ಹಿಡಿಯಿರಿ.

ಸಾಗರದ ಸೊಸೆ | ನವೆಂಬರ್ 13, ಬೆಳಿಗ್ಗೆ 6.50

ತುಂಗಾತೀರ ಅಕ್ಕ, ನಾನು ಮೀನಿನದು ಮಾಡಿಸಿಲ್ಲ. ಪಿಆರ್‌ಪಿ ಮಾಡಿಸಿದ್ದೇನೆ, ತಿಂಗಳಿಗೊಮ್ಮೆಯಂತೆ ಮೂರು ಸಲ, ಮೊಡವೆ ಗುಳಿಗಳಿಗೆ. ನಮ್ಮದೇ ರಕ್ತ ತೆಗೆದು, ಅದರಲ್ಲಿನ ಪ್ಲೇಟ್‌ಲೆಟ್ ಬೇರ್ಪಡಿಸಿ ನಮ್ಮ ಮುಖಕ್ಕೇ ಚುಚ್ಚುವುದು.

ಮೊದಲು ಮರಗಟ್ಟಿಸುವ ಮುಲಾಮನ್ನು ದಪ್ಪಗೆ ಬಳಿದು ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಅಂಟಿಸಿದರು. ತುಟಿಯೂ ಮರಗಟ್ಟಿ, ನೀರು ಕುಡಿದರೆ ಗಲ್ಲದ ಮೇಲೆ ಇಳಿಯಿತು. ತೋಳಿನಿಂದ ಒಂದಷ್ಟು ರಕ್ತ ತೆಗೆದು ಯಂತ್ರಕ್ಕೆ ಹಾಕಿದರು. ನಮ್ಮ ಹಳೆಯ ಮಿಕ್ಸಿಯಂತೆ ಅದು ಗುಂಯ್ ಎನ್ನುತ್ತಿತ್ತು. ಹೊರತೆಗೆದಾಗ ನಳಿಕೆಯ ಅಡಿಯಲ್ಲಿ ಕಡುಗೆಂಪು, ಮೇಲೆ ತಿಳಿಸಾರಿನ ಬಣ್ಣದ ನೀರು. "ನಮಗೆ ಬೇಕಾದದ್ದು ಈ ಗಡಿಯ ಹತ್ತಿರದ್ದು" ಎಂದು ವೈದ್ಯರು ಬೆರಳಿಟ್ಟು ತೋರಿಸಿದರು. ಹಣೆಯ ಹತ್ತಿರ ಚುಚ್ಚುವಾಗ ಕಣ್ಣಲ್ಲಿ ನೀರು ಬಂತು. ಎರಡು ದಿನ ಮುಖ ಕೆಂಪಾಗಿ ಊದಿಕೊಂಡಿತ್ತು. ಅತ್ತೆ ನೋಡಿ, ಜೇನು ಕಚ್ಚಿತೇ ಎಂದು ಕೇಳಿದರು.

ಫಲ ಎಷ್ಟು ಎಂದರೆ, ಮೇಲಿನ ಗುಳಿಗಳು ಸ್ವಲ್ಪ ತುಂಬಿವೆ, ಚರ್ಮ ಮುಟ್ಟಿದರೆ ಮೊದಲಿಗಿಂತ ನುಣುಪು. ಆಳದ ಗುಳಿಗಳು ಹಾಗೆಯೇ ಇವೆ. ಫೋಟೋದಲ್ಲಿ ಪಕ್ಕಪಕ್ಕ ಇಟ್ಟರೆ ನನಗೆ ಗೊತ್ತಾಗುತ್ತದೆ, ಯಜಮಾನರಿಗೆ ಗೊತ್ತಾಗುವುದಿಲ್ಲ. ಅವರಿಗೆ ಹೊಸ ಪರದೆ ಹಾಕಿದರೂ ಗೊತ್ತಾಗುವುದಿಲ್ಲ, ಅದು ಬೇರೆ ಮಾತು.

ಚರ್ಮದ ಮಾಣಿ | ನವೆಂಬರ್ 13, ರಾತ್ರಿ 11.05

ನಾನು ತೀರ್ಥಹಳ್ಳಿ ಕಡೆಯವನು, ಚರ್ಮವೈದ್ಯ. ಈಗ ಬೇರೆ ಜಿಲ್ಲೆಯಲ್ಲಿದ್ದೇನೆ, ಹಾಗಾಗಿ ನಿಮ್ಮೂರಿನ ಗಿರಾಕಿಗಳ ಮೇಲೆ ನನಗೆ ಕಣ್ಣಿಲ್ಲ. ಇಲ್ಲಿ ಯಾರಿಗೂ ಔಷಧಿ ಬರೆಯುವುದಿಲ್ಲ. ಉದ್ದ ಬರೆಯುತ್ತೇನೆ, ಬೇಸರಿಸಬೇಡಿ.

ಮೇಡಂ, ನೀವು ಹೇಳಿದ್ದು ಮೂರು ಬೇರೆ ಬೇರೆ ತೊಂದರೆಗಳು. ಗುಳಿ ಒಂದು, ತೆಳುವಾದ ಚರ್ಮ ಇನ್ನೊಂದು, ಕಂದು ಬಣ್ಣ ಮತ್ತೊಂದು. ಮೂರಕ್ಕೂ ಒಂದೇ ಸೂಜಿ ಎಂದವರಿಗೆ ಒಂದೋ ವಿಷಯ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಹೇಳುತ್ತಿಲ್ಲ.

ಚರ್ಮದ ಕೆಳಪದರದಲ್ಲಿ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳಿವೆ. ಅವು ನೇಕಾರರು, ಕೊಲಾಜನ್ ಎಂಬ ನೂಲು ನೇಯುವುದು ಅವುಗಳ ಕಸುಬು. ಇಪ್ಪತ್ತರ ಹರೆಯ ದಾಟಿದ ಮೇಲೆ ಈ ನೂಲು ವರ್ಷಕ್ಕೆ ಸುಮಾರು ಶೇ 1ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಇಳಿತ ಇನ್ನೂ ಜೋರು. ಈಗ ಬಂದಿರುವ ಸೂಜಿಗಳೆಲ್ಲ ಆ ನೇಕಾರನನ್ನು ಎಬ್ಬಿಸಲು ನೋಡುತ್ತವೆ. ಎಬ್ಬಿಸುವ ರೀತಿ ಮಾತ್ರ ಬೇರೆ.

ಪಿಆರ್‌ಪಿಯ ಬಗ್ಗೆ ಸಾಗರದವರು ಹೇಳಿದ್ದು ಸರಿಯಾಗಿದೆ. ಗಾಯವಾದಾಗ ಮೊದಲು ಓಡಿ ಬರುವುದು ಪ್ಲೇಟ್‌ಲೆಟ್. ಅದರ ಹೊಟ್ಟೆಯಲ್ಲಿ ಬೆಳವಣಿಗೆಗೆ ಪ್ರಚೋದನೆ ಕೊಡುವ ಪ್ರೋಟೀನುಗಳಿರುತ್ತವೆ. ರಕ್ತದಲ್ಲಿ ಸಾಮಾನ್ಯವಾಗಿ ಒಂದು ಮೈಕ್ರೊಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇದ್ದರೆ, ಒಳ್ಳೆಯ ಪಿಆರ್‌ಪಿಯಲ್ಲಿ ಹತ್ತು ಲಕ್ಷದ ಆಸುಪಾಸು ಇರಬೇಕು. ಆದರೆ ಒಬ್ಬೊಬ್ಬರ ರಕ್ತ ಒಂದೊಂದು ಥರ, ಒಂದೊಂದು ಕ್ಲಿನಿಕ್ಕಿನ ಯಂತ್ರ ಒಂದೊಂದು ಥರ. ಫಲ ಏರುಪೇರಾಗಲು ಅದೂ ಒಂದು ಕಾರಣ. ಮಲೆನಾಡಿನವರಿಗೆ ಒಂದು ಮಾತು: ಡೆಂಗಿಯೋ ಮಂಗನ ಕಾಯಿಲೆಯೋ ಬಂದು ಎದ್ದವರು ಪ್ಲೇಟ್‌ಲೆಟ್ ಎಣಿಕೆ ಮಾಡಿಸದೆ ಇದಕ್ಕೆ ಹೋಗಬೇಡಿ. ಎರಡರಲ್ಲೂ ಅದು ಕುಸಿಯುತ್ತದೆ.

ಎರಡನೆಯದು ಹಯಲುರಾನಿಕ್ ಆಮ್ಲ. ಹೆಸರಿನಲ್ಲಿ ಆಮ್ಲ ಇದೆ, ಸುಡುವುದಿಲ್ಲ. 1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ನಮ್ಮ ಮೈಯಲ್ಲೂ ಸುಮಾರು 15 ಗ್ರಾಂ ಇದೆ, ಅರ್ಧದಷ್ಟು ಚರ್ಮದಲ್ಲಿ. ಮೂರರಲ್ಲಿ ಒಂದು ಪಾಲು ದಿನವೂ ಕರಗಿ ಹೊಸದು ಹುಟ್ಟುತ್ತದೆ. ತೋಟದ ಬುಡಕ್ಕೆ ದರಗು ಹೊದಿಸಿದರೆ ತೇವ ನಿಲ್ಲುತ್ತದಲ್ಲ, ಇದರ ಕೆಲಸ ಅಂಥದು. ತುಟಿ ಉಬ್ಬಿಸಲು ಬಳಸುವ ಗಟ್ಟಿ ಫಿಲ್ಲರ್ ಬೇರೆ, ಚರ್ಮದ ಗುಣಕ್ಕೆ ಬಳಸುವ ತೆಳು ದ್ರವ ಬೇರೆ. ಪ್ರೊಫೈಲೊ ಎಂಬುದರಲ್ಲಿ 2 ಮಿಲಿಲೀಟರಿಗೆ 64 ಮಿಲಿಗ್ರಾಂ ಇರುತ್ತದೆ, ಒಂದೊಂದು ಕೆನ್ನೆಯಲ್ಲಿ ಐದೈದು ಕಡೆ ಚುಚ್ಚುತ್ತಾರೆ, ತಿಂಗಳ ಅಂತರದಲ್ಲಿ ಎರಡು ಬಾರಿ. ಸ್ಕಿನ್‌ವೈವ್ ಎಂಬುದಕ್ಕೆ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಕೆನ್ನೆಯ ನುಣುಪಿಗೆ, ಬಿಳುಪಿಗಲ್ಲ. ಚರ್ಮ ಒಣಗಿ ಕಾಂತಿ ಕಳೆದುಕೊಂಡವರಿಗೆ ಇದು ಕೆಲವು ತಿಂಗಳು ನೆಮ್ಮದಿ ಕೊಡುತ್ತದೆ. ಕರಗುತ್ತದೆ, ಮತ್ತೆ ಹೋಗಬೇಕು.

ಮೂರನೆಯದು ನಿಮಗೆ ಹೇಳಿದ ಮೀನಿನದು, ಪಾಲಿನ್ಯೂಕ್ಲಿಯೊಟೈಡ್. ಸಾಲ್ಮನ್ ಅಥವಾ ಟ್ರೌಟ್ ಮೀನಿನ ವೀರ್ಯದಿಂದ ಡಿಎನ್ಎ ತೆಗೆದು, ಶುದ್ಧ ಮಾಡಿ, ತುಂಡರಿಸಿ ತಯಾರಿಸುತ್ತಾರೆ. ಈ ಜಾತಿಯ ಔಷಧಿಯನ್ನು ಇಟಲಿಯಲ್ಲಿ ಗಾಯ ಮಾಯಿಸಲು ಬಳಸುತ್ತಿದ್ದರು, ಮುಖಕ್ಕೆ ತಂದು ಜನಪ್ರಿಯ ಮಾಡಿದವರು ಕೊರಿಯಾದವರು. ಚುಚ್ಚಿದ ಜಾಗದಲ್ಲೆಲ್ಲ ಸೊಳ್ಳೆ ಕಚ್ಚಿದಂಥ ಗುಳ್ಳೆಗಳು ಒಂದೆರಡು ದಿನ ಇರುತ್ತವೆ. ಕೆಲಸ ಮಾಡುವುದಿಲ್ಲ ಎನ್ನಲಾರೆ. ಕಣ್ಣಿನ ಕೆಳಗಿನ ತೆಳು ಚರ್ಮಕ್ಕೆ ಸ್ವಲ್ಪ ಉಪಯೋಗ ಕಂಡಿದ್ದೇನೆ. ಆದರೆ ಸದ್ದು ಮಾಡುವಷ್ಟು ಅಧ್ಯಯನಗಳು ಆಗಿಲ್ಲ. ಮೀನು ಒಗ್ಗದವರು ಮೊದಲೇ ಹೇಳಬೇಕು.

ಪಾಲಿ ಲ್ಯಾಕ್ಟಿಕ್ ಆಮ್ಲದ್ದು ಇನ್ನೊಂದು ದಾರಿ. ಇದು ಕರಗುವ ಹೊಲಿಗೆ ದಾರದ ಬಂಧು. ಅಮೆರಿಕದಲ್ಲಿ 2004ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಎಚ್‌ಐವಿಯಿಂದ ಕೆನ್ನೆ ಬತ್ತಿದವರಿಗಾಗಿ, ಸೌಂದರ್ಯಕ್ಕೆ ಬಂದದ್ದು 2009ರಲ್ಲಿ. ಸಣ್ಣ ಕಣಗಳನ್ನು ಕಂಡು ದೇಹ ಅವುಗಳ ಸುತ್ತ ನಿಧಾನವಾಗಿ ನೂಲು ನೇಯುತ್ತದೆ. ತಿಂಗಳುಗಳು ಬೇಕು, ಆದರೆ ಎರಡು ವರ್ಷದ ತನಕವೂ ಉಳಿಯಬಹುದು. ಚುಚ್ಚಿಸಿಕೊಂಡ ಮೇಲೆ ದಿನಕ್ಕೆ ಐದು ಬಾರಿ, ಐದೈದು ನಿಮಿಷ, ಐದು ದಿನ ಮುಖ ತಿಕ್ಕಬೇಕು ಎಂಬ ಲೆಕ್ಕ ಇದೆ. ಗಣಿತದ ಮೇಡಂಗೆ ಇಷ್ಟವಾದೀತು. ಕೈ ಪಳಗದವರು ಮಾಡಿದರೆ ಗಂಟುಗಳಾಗುತ್ತವೆ, ಆ ಗಂಟನ್ನು ಕರಗಿಸುವ ಔಷಧಿ ಇಲ್ಲ. ಹಯಲುರಾನಿಕ್ ಆಮ್ಲಕ್ಕೆ ಅಂಥದೊಂದು ಇದೆ, ಹಯಲುರಾನಿಡೇಸ್.

ಇನ್ನು ಎಕ್ಸೋಸೋಮ್ (ಕೋಶಗಳು ಹೊರಬಿಡುವ ಅತಿ ಸಣ್ಣ ಚೀಲಗಳು) ಎಂದು ಯಾರಾದರೂ ಸೂಜಿ ಹಿಡಿದು ಬಂದರೆ ಚಪ್ಪಲಿ ಹಾಕಿಕೊಂಡು ಹೊರಡಿ. ಎಫ್‌ಡಿಎ 2019ರಲ್ಲೇ, ನಾವು ಇಂಥ ಯಾವ ಉತ್ಪನ್ನಕ್ಕೂ ಒಪ್ಪಿಗೆ ಕೊಟ್ಟಿಲ್ಲ ಎಂದು ಎಚ್ಚರಿಸಿದೆ.

ಅಡಿಕೆ ಚಪ್ಪರ ಭಾವನವರೇ, ಮುರುಗಲು ತುಪ್ಪ ಒಳ್ಳೆಯದೇ. ಮೇಲ್ಪದರದಿಂದ ನೀರು ಆರದಂತೆ ತಡೆಯುತ್ತದೆ. ನೇಕಾರನ ಮನೆಯ ತನಕ ಇಳಿಯುವುದಿಲ್ಲ, ಅಷ್ಟೇ. ನಿಮ್ಮ ತಾಯಿಯವರ ಕೆನ್ನೆಯ ಪುಣ್ಯದಲ್ಲಿ ಅವರ ಅಪ್ಪ ಅಮ್ಮನ ಪಾಲು ದೊಡ್ಡದು.

ಕೊನೆಗೆ, ಮೇಡಂ, ಒಂದು ಪ್ರಶ್ನೆ. ಆ ಕಂದು ಬಣ್ಣಕ್ಕೆ ಈಗ ಏನು ಹಚ್ಚುತ್ತಿದ್ದೀರಿ? ಟ್ಯೂಬಿನ ಹಿಂಬದಿಯಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಫ್ಲೂಸಿನೊಲೋನ್, ಕ್ಲೋಬೆಟಾಸಾಲ್ ಈ ಪೈಕಿ ಯಾವುದಾದರೂ ಇದೆಯೇ ನೋಡಿ.

ಕೊಪ್ಪದ ಕಾಫಿ | ನವೆಂಬರ್ 14, ಬೆಳಿಗ್ಗೆ 8.20

ಡಾಕ್ಟರೇ, ನಗಬೇಡಿ. ನಮ್ಮದು ಶುದ್ಧ ಸಸ್ಯಾಹಾರಿ ಮನೆ. ಮೀನಿನ ಡಿಎನ್ಎ ಸರಿಯೇ? ಬಾಯಿಗೆ ಹಾಕಿಕೊಳ್ಳುವುದಿಲ್ಲ, ನಿಜ. ಆದರೆ ಅಮ್ಮನಿಗೆ ಹೇಗೆ ಹೇಳುವುದು? ಆ ಹಯಲುರಾನಿಕ್ ಕೂಡ ಹಸುವಿನ ಕಣ್ಣಿನಿಂದಲೇ ಬರುತ್ತದೆಯೇ?

ಚರ್ಮದ ಮಾಣಿ | ನವೆಂಬರ್ 14, ಮಧ್ಯಾಹ್ನ 2.10

ನಗುವುದಿಲ್ಲ, ವಾರಕ್ಕೊಬ್ಬರು ಕೇಳುತ್ತಾರೆ. ಹಸುವಿನ ಕಣ್ಣು 1934ರ ಮಾತು. ಆಮೇಲೆ ಬಹಳ ಕಾಲ ಕೋಳಿಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು. ಈಗ ಹೆಚ್ಚಿನವು ಬ್ಯಾಕ್ಟೀರಿಯಾ ಹುದುಗಿಸಿ ಮಾಡಿದವು. ದೋಸೆ ಹಿಟ್ಟು ಉಬ್ಬುವುದಕ್ಕೆ ಮಡಿಯ ಆಕ್ಷೇಪ ಇಲ್ಲವೆಂದರೆ ಇದಕ್ಕೂ ಇರಬಾರದು. ಪಿಆರ್‌ಪಿ ಅಂತೂ ನಿಮ್ಮದೇ ರಕ್ತ. ಮೀನಿನದು ಮೀನಿನದೇ, ಅದನ್ನು ನಾನು ಸಸ್ಯಾಹಾರ ಮಾಡಲಾರೆ. ಅಮ್ಮನಿಗೆ ಹೇಳುವ ಕೆಲಸ ನಿಮ್ಮದು.

ನಳಿಕೆ | ನವೆಂಬರ್ 14, ರಾತ್ರಿ 8.30

ರಕ್ತ ಪರೀಕ್ಷಾ ಪ್ರಯೋಗಾಲಯದಲ್ಲಿ 16 ವರ್ಷದಿಂದ ಇದ್ದೇನೆ. ಪಿಆರ್‌ಪಿಗೆ ಹೋಗುವವರು ನೋಡಬೇಕಾದದ್ದು ಸೂಜಿಗಿಂತ ಮೊದಲು ನಳಿಕೆಯನ್ನು. ನಿಮ್ಮ ಮುಂದೆಯೇ ಹೊಸ ಪೊಟ್ಟಣ ಒಡೆಯಬೇಕು. ರಕ್ತ ತುಂಬಿದ ತಕ್ಷಣ ನಿಮ್ಮ ಹೆಸರು ಬರೆಯಬೇಕು, ಆಮೇಲೆ ಬರೆಯುತ್ತೇವೆ ಎಂದರೆ ಒಪ್ಪಬೇಡಿ. ಯಂತ್ರದೊಳಗೆ ಇನ್ನೊಬ್ಬರ ನಳಿಕೆಯೂ ತಿರುಗುತ್ತಿದ್ದರೆ ನಿಮ್ಮದು ಯಾವುದೆಂದು ಕೇಳಿ. ನಾಚಿಕೆ ಬೇಡ.

ಹೆದರಿಸಲು ಹೇಳುತ್ತಿಲ್ಲ. ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ಮುಖಕ್ಕೆ ಪಿಆರ್‌ಪಿ ಮಾಡಿಸಿಕೊಂಡ ಮಹಿಳೆಯರಿಗೆ ಎಚ್‌ಐವಿ ತಗುಲಿತು. ಪ್ರಕರಣ ಹೊರಬಂದದ್ದು 2018ರಲ್ಲಿ, ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಪೂರ್ಣ ವರದಿ ಪ್ರಕಟಿಸಿದ್ದು 2024ರ ಏಪ್ರಿಲ್‌ನಲ್ಲಿ. ಹೆಸರಿಲ್ಲದ ರಕ್ತದ ನಳಿಕೆಗಳು ಅಡುಗೆ ಕಟ್ಟೆಯ ಮೇಲೆ ಸಿಕ್ಕವು, ಫ್ರಿಜ್ಜಿನಲ್ಲಿ ತಿಂಡಿಯ ಪಕ್ಕದಲ್ಲೂ ಇದ್ದವು. ಅದನ್ನು ಓದಿದ ದಿನ ನಾನು ನಮ್ಮ ಪ್ರಯೋಗಾಲಯದ ಫ್ರಿಜ್ಜಿನಿಂದ ಹುಡುಗರ ಮಜ್ಜಿಗೆ ಪ್ಯಾಕೆಟ್ ತೆಗೆದು ಎಸೆದೆ. ಇವತ್ತಿಗೂ ಬೈಯುತ್ತಾರೆ.

ಬೆಂಗಳೂರಿನ ಶೃಂಗೇರಿ | ನವೆಂಬರ್ 14, ರಾತ್ರಿ 10.45

ಎಲ್ಲರೂ ಹೆದರಿಸುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಹಯಲುರಾನಿಕ್ ಮಾಡಿಸಿದೆ, ಎರಡು ಬಾರಿ, ಅರ್ಹ ವೈದ್ಯರ ಬಳಿ. ಸಂತೋಷವಾಗಿದ್ದೇನೆ. ಹತ್ತು ಹನ್ನೊಂದು ಕಡೆ ಗುಳ್ಳೆ ಎದ್ದು ಮರುದಿನಕ್ಕೆ ಇಳಿಯಿತು, ಒಂದು ಕಡೆ ನೀಲಿಗಟ್ಟಿತ್ತು. ಆರು ವಾರದ ಮೇಲೆ ಪೌಡರ್ ಹಾಕಿದರೆ ಗೆರೆಗಳಲ್ಲಿ ಹೋಗಿ ಕೂರುವುದು ನಿಂತಿತು. ಅಷ್ಟೇ ಬದಲಾವಣೆ, ಅಷ್ಟೇ ಬೇಕಿತ್ತು. ಮುರುಗಲು ತುಪ್ಪದವರೇ, ಗಂಡಸರು ತಲೆಗೂದಲಿಗೆ ಲಕ್ಷ ಸುರಿಯುವಾಗ ಬೋರ್ಡೋ ಲೆಕ್ಕ ಯಾರೂ ಹೇಳುವುದಿಲ್ಲ.

ಅಡಿಕೆ ಚಪ್ಪರ | ನವೆಂಬರ್ 14, ರಾತ್ರಿ 11.00

ತಪ್ಪಾಯಿತು ತಾಯಿ. ನನ್ನ ಭಾವಮೈದುನ ಮೊನ್ನೆಯಷ್ಟೇ ತಲೆಗೆ ಅದೇ ಪಿಆರ್‌ಪಿ ಮಾಡಿಸಿದ. ಆಗ ನಾನು ಬಾಯಿ ಬಿಡಲಿಲ್ಲ.

ತುಂಗಾತೀರ | ನವೆಂಬರ್ 15, ಬೆಳಿಗ್ಗೆ 5.55

ಡಾಕ್ಟರೇ, ಟ್ಯೂಬ್ ನೋಡಿದೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಎಂದಿದೆ. ಔಷಧಿ ಅಂಗಡಿಯಲ್ಲಿ ಬಂಗಿಗೆ ಏನಾದರೂ ಕೊಡಿ ಎಂದಾಗ ಕೊಟ್ಟದ್ದು. ಮೂರು ವರ್ಷವಾಯಿತು. ಹಚ್ಚಿದರೆ ತಿಳಿಯಾಗುತ್ತದೆ, ಬಿಟ್ಟರೆ ಉರಿದು ಇನ್ನೂ ಕಪ್ಪಾಗುತ್ತದೆ, ಅದಕ್ಕೆ ಬಿಟ್ಟಿಲ್ಲ.

ಚರ್ಮದ ಮಾಣಿ | ನವೆಂಬರ್ 15, ಬೆಳಿಗ್ಗೆ 7.30

ಊಹಿಸಿದ್ದೆ. ಇದು ವಾರಗಳ ಲೆಕ್ಕದಲ್ಲಿ, ವೈದ್ಯರ ಕಣ್ಣೆದುರು ಬಳಸಬೇಕಾದ ಔಷಧಿ. ಮೊಮೆಟಾಸೋನ್ ಸ್ಟೀರಾಯ್ಡ್. ಅದು ನೇಕಾರನನ್ನು ಮಲಗಿಸುತ್ತದೆ. ಕನ್ನಡಿಯಲ್ಲಿ ನೀವು ಕಂಡ ಹತ್ತಿ ಬಟ್ಟೆಯಂಥ ಚರ್ಮಕ್ಕೆ ವಯಸ್ಸಿನ ಜೊತೆ ಈ ಟ್ಯೂಬೂ ಪಾಲುದಾರ. ಒಂದು ಕೈಯಲ್ಲಿ ಮಲಗಿಸುವ ಮುಲಾಮು ಹಚ್ಚಿಕೊಂಡು, ಇನ್ನೊಂದು ಕೈಯಲ್ಲಿ ಎಬ್ಬಿಸುವ ಸೂಜಿಗೆ 48 ಸಾವಿರ ಕಟ್ಟಲು ಹೊರಟಿದ್ದಿರಿ. ಆ ಕ್ಲಿನಿಕ್ಕಿನಲ್ಲಿ ಯಾರೂ ಈ ಒಂದು ಪ್ರಶ್ನೆ ಕೇಳಲಿಲ್ಲ, ನನಗೆ ಸಿಟ್ಟು ಬರುವುದು ಅದಕ್ಕೆ. 2018ರಿಂದ ಇಂಥ ಮುಲಾಮುಗಳು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಯಲ್ಲಿವೆ.

ಇವತ್ತೇ ಎಸೆಯಬೇಡಿ. ತಟ್ಟನೆ ನಿಲ್ಲಿಸಿದರೆ ಮುಖ ಕೆಂಡವಾಗುತ್ತದೆ. ಮೆಗ್ಗಾನ್ ಆಸ್ಪತ್ರೆಯ ಚರ್ಮ ವಿಭಾಗಕ್ಕೆ ಟ್ಯೂಬನ್ನೇ ಹಿಡಿದುಕೊಂಡು ಹೋಗಿ. ಹೇಗೆ ಇಳಿಸಬೇಕೆಂದು ಮುಖ ನೋಡಿದವರು ಹೇಳಬೇಕು.

ಇನ್ನು ಬಂಗು. ಅದಕ್ಕೆ ಬಿಸಿಲು ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕೂ ಶಾಖವೂ ಶತ್ರು. ನಮ್ಮ ಕಡೆ ಅಡಿಕೆ ಬೇಯಿಸುವ ಹಂಡೆಯ ಮುಂದೆ ವಾರಗಟ್ಟಲೆ ಕೂರುವ ಹೆಂಗಸರಿಗೆ ಕೆನ್ನೆ ಕಪ್ಪಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಆಗ "ಒಲೆಯ ಝಳ" ಎನ್ನುತ್ತಿದ್ದರು. ಅವರು ಹೇಳಿದ್ದು ಸರಿಯೇ ಇತ್ತು. ಮಳೆಗಾಲದಲ್ಲಿ ಬಿಸಿಲೇ ಇಲ್ಲ ಎಂದು ಸನ್‌ಸ್ಕ್ರೀನ್ ಬಿಡುವವರು ನಮ್ಮಲ್ಲಿ ಜಾಸ್ತಿ. ಮೋಡವನ್ನೂ ಕಿಟಕಿಯ ಗಾಜನ್ನೂ ದಾಟಿ ಬರುವ ಕಿರಣಗಳಿವೆ. ಬಂಗು ಇರುವವರಿಗೆ ಐರನ್ ಆಕ್ಸೈಡ್ ಸೇರಿದ, ಮೈಬಣ್ಣದ ಸನ್‌ಸ್ಕ್ರೀನ್ ಮೇಲು, ಕಾಣುವ ಬೆಳಕನ್ನೂ ತಡೆಯುತ್ತದೆ. ಎರಡು ಬೆರಳುದ್ದ ಹಿಂಡಿ ಹಚ್ಚಬೇಕು. ಆಸ್ಟ್ರೇಲಿಯಾದಲ್ಲಿ 900ಕ್ಕೂ ಹೆಚ್ಚು ಜನರನ್ನು ನಾಲ್ಕೂವರೆ ವರ್ಷ ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನವೂ ಹಚ್ಚಿದವರ ಚರ್ಮ ಮುಪ್ಪಾಗುವುದು ಶೇ 24ರಷ್ಟು ಕಡಿಮೆಯಿತ್ತು. ನಾನು ಚುಚ್ಚುವ ಯಾವ ಸೂಜಿಗೂ ಇಷ್ಟು ದೊಡ್ಡ ಸಾಕ್ಷಿ ಇಲ್ಲ.

ಹೊಸನಗರದ ಹುಡುಗಿ | ನವೆಂಬರ್ 15, ಸಂಜೆ 4.15

ನನಗೆ 24. ಮುಂದಿನ ತಿಂಗಳು ನಿಶ್ಚಿತಾರ್ಥ. ಬ್ಯೂಟಿ ಪಾರ್ಲರಿನಲ್ಲಿ ಗ್ಲುಟಾಥಯೋನ್ ಡ್ರಿಪ್ ಹಾಕುತ್ತೇವೆ, ಎರಡು ಬಣ್ಣ ತಿಳಿಯಾಗುತ್ತೀರಿ ಎನ್ನುತ್ತಿದ್ದಾರೆ. ಇದೂ ಇದೇ ಗುಂಪಿನದೇ?

ಚರ್ಮದ ಮಾಣಿ | ನವೆಂಬರ್ 15, ಸಂಜೆ 6.00

ಅಲ್ಲ. ಇದು ಚರ್ಮದ ಗುಣಕ್ಕಲ್ಲ, ಬಣ್ಣದ ಆಸೆಗೆ ಹಾಕುವ ಬಲೆ. ರಕ್ತನಾಳಕ್ಕೆ ಇದನ್ನು ಹರಿಸಿ ಬಿಳಿಯಾಗುವುದಕ್ಕೆ ನಂಬುವಂಥ ಸಾಕ್ಷಿ ಇಲ್ಲ. ಫಿಲಿಪ್ಪೀನ್ಸ್ ಸರ್ಕಾರದ ಔಷಧ ಇಲಾಖೆ ಯಕೃತ್ತು, ಮೂತ್ರಪಿಂಡದ ತೊಂದರೆಗಳ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿದೆ. ಪಾರ್ಲರಿನಲ್ಲಿ ಹುಬ್ಬು ತಿದ್ದಿಸಿಕೊಳ್ಳಿ. ಡ್ರಿಪ್ ಹಾಕುವ ಜಾಗ ಅದಲ್ಲ. ಹುಡುಗನ ಮನೆಯವರು ನಿಮ್ಮನ್ನು ಈಗಾಗಲೇ ನೋಡಿ ಒಪ್ಪಿದ್ದಾರಲ್ಲ ತಂಗಿ?

ಹೊಸನಗರದ ಹುಡುಗಿ | ನವೆಂಬರ್ 15, ಸಂಜೆ 6.20

ಅವರು ಒಪ್ಪಿದ್ದಾರೆ. ಒಪ್ಪದಿರುವುದು ನಮ್ಮ ದೊಡ್ಡಮ್ಮ.

ನಿರ್ವಾಹಕ | ನವೆಂಬರ್ 16

ಇಬ್ಬರು ಸದಸ್ಯರು ಕ್ಲಿನಿಕ್ಕುಗಳ ಹೆಸರು, ಫೋನ್ ಸಂಖ್ಯೆ ಹಾಕಿದ್ದರು. ಹೊಗಳಿಕೆಯೂ ಬೇಡ, ಬೈಗುಳವೂ ಬೇಡ, ತೆಗೆದಿದ್ದೇನೆ.

ನಳಿಕೆ | ನವೆಂಬರ್ 16, ರಾತ್ರಿ 9.10

ಹೆಸರು ಬೇಡವಾದರೆ ಗುರುತಾದರೂ ಹೇಳೋಣ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಂತೆ ಪ್ರತಿ ಕ್ಲಿನಿಕ್ಕೂ ನೋಂದಣಿ ಮಾಡಿಸಬೇಕು, ಪ್ರಮಾಣಪತ್ರ ಗೋಡೆಯ ಮೇಲೆ ಕಾಣುವಂತೆ ಇರಬೇಕು. ಒಳಗೆ ಕಾಲಿಟ್ಟ ಕೂಡಲೇ ಬಹುಮಾನದ ಫಲಕಗಳನ್ನು ಬಿಟ್ಟು ಅದನ್ನು ಹುಡುಕಿ.

ಚರ್ಮದ ಮಾಣಿ | ನವೆಂಬರ್ 16, ರಾತ್ರಿ 10.00

ಜೊತೆಗೆ ಪೆಟ್ಟಿಗೆ ತೋರಿಸಲು ಹೇಳಿ. ಬರೀ ಶೀಶೆ ಸಾಲದು, ಪೆಟ್ಟಿಗೆ. ವಿದೇಶದ್ದಾದರೆ ಆಮದು ಮಾಡಿಕೊಂಡವರ ಹೆಸರು, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಅದರ ಮೇಲೆ ಇರುತ್ತವೆ. ಯಾವ ಫಿಲ್ಲರ್ ಆದರೂ ರಕ್ತನಾಳದೊಳಗೆ ಹೊಕ್ಕರೆ ಚರ್ಮ ಬೆಳ್ಳಗೆ ಬಿಳಿಚಿಕೊಳ್ಳುತ್ತದೆ, ಬಲೆಬಲೆಯಂತೆ ನೀಲಿಯಾಗುತ್ತದೆ, ಹುಬ್ಬಿನ ನಡುವೆ ಅಥವಾ ಮೂಗಿನ ಬಳಿಯಾದರೆ ದೃಷ್ಟಿಯೇ ಹೋಗಬಹುದು. ಅಪರೂಪ, ಆದರೆ ಆದಾಗ ಕಾಯಲು ಗಂಟೆಗಳಿಲ್ಲ. ಹಯಲುರಾನಿಡೇಸ್ ಇಟ್ಟಿದ್ದೀರಾ ಎಂದು ಕೇಳಿ. ಹಾಗೆಂದರೇನು ಎಂದು ಅವರೇ ತಿರುಗಿ ಕೇಳಿದರೆ ಬಸ್ ನಿಲ್ದಾಣದ ದಾರಿ ಹಿಡಿಯಿರಿ.

ತುಂಗಾತೀರ | ಮಾರ್ಚ್ 9, ರಾತ್ರಿ 9.15

ನಾಲ್ಕು ತಿಂಗಳಾಯಿತು, ಮರೆತಿಲ್ಲ. ಮೊದಲು ಆ ಕ್ಲಿನಿಕ್ಕಿಗೇ ಇನ್ನೊಮ್ಮೆ ಹೋದೆ. ಹಟ ಎಂದುಕೊಳ್ಳಿ. ಪೆಟ್ಟಿಗೆ ಕೇಳಿದೆ. ಫ್ರಿಜ್ಜಿನಿಂದ ಒಂದು ಶೀಶೆ ತಂದರು, ಅರ್ಧ ಖಾಲಿ, ರಬ್ಬರ್ ಮುಚ್ಚಳದಲ್ಲಿ ಸೂಜಿಯ ತೂತುಗಳು. ಎಣಿಸಿದೆ, ಆರು. ಪೆಟ್ಟಿಗೆ ಎಸೆದುಬಿಟ್ಟೆವು ಎಂದರು. ಎದ್ದು ಬಂದೆ.

ಮೆಗ್ಗಾನ್‌ನಲ್ಲಿ ಟ್ಯೂಬ್ ನೋಡಿದ ಯುವ ವೈದ್ಯೆ ಬೇರೇನೂ ಹೇಳದೆ ತಮ್ಮ ಮೇಜಿನ ಡ್ರಾಯರ್ ತೆಗೆದು ತೋರಿಸಿದರು. ಅಂಥವೇ ಇಪ್ಪತ್ತು ಮೂವತ್ತು ಟ್ಯೂಬುಗಳು, ರೋಗಿಗಳಿಂದ ತೆಗೆದಿಟ್ಟವು. ಮೊಮೆಟಾಸೋನ್ ನಿಧಾನವಾಗಿ ಇಳಿಸಿದರು. ಡಿಸೆಂಬರ್ ಪೂರ್ತಿ ನರಕ. ಮುಖ ಕೆಂಪಾಗಿ, ಮೊಡವೆಯೆದ್ದು, ಗಾಳಿ ಬೀಸಿದರೂ ಉರಿ. ಒಂಬತ್ತನೇ ತರಗತಿಯ ಹುಡುಗನೊಬ್ಬ "ಟೀಚರ್, ಅಮ್ಮನವರು ಬಂದಿದ್ದಾರಾ?" ಎಂದು ಕೇಳಿದ. ಜನವರಿ ಮಧ್ಯಕ್ಕೆ ತಣ್ಣಗಾಯಿತು. ಮೈಬಣ್ಣದ ಸನ್‌ಸ್ಕ್ರೀನ್ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಊಟದ ಗಂಟೆಯಲ್ಲಿ ಇನ್ನೊಮ್ಮೆ. ಊರಲ್ಲಿ ಅಡಿಕೆ ಬೇಯಿಸುವಾಗ ಒಲೆಯ ಹತ್ತಿರ ಸುಳಿಯಲಿಲ್ಲ, ಅತ್ತಿಗೆಗೆ ಇನ್ನೂ ಮುನಿಸಿದೆ.

ಕಣ್ಣಿನ ಕೆಳಗಿನ ಚರ್ಮ ತುಸು ದಪ್ಪವಾಗಿದೆ, ಸೂಜಿ ಇಲ್ಲದೆಯೇ. ಬಂಗು ಅರ್ಧ ಇಳಿದಿದೆ. ಗುಳಿಗಳು ಎಲ್ಲಿದ್ದವೋ ಅಲ್ಲಿಯೇ. ಅದಕ್ಕೆ ಅವರೇ ಒಬ್ಬ ಚರ್ಮವೈದ್ಯರ ಬಳಿ ಪಿಆರ್‌ಪಿಗೆ ಕಳಿಸಿದ್ದಾರೆ. ಗೋಡೆಯ ಮೇಲೆ ಪ್ರಮಾಣಪತ್ರ ಇತ್ತು, ಓದಿಯೇ ಕುಳಿತೆ. ಮೂರು ಬಾರಿ ಎಂದಿದ್ದಾರೆ, ಮದುವೆಗೆ ಮೊದಲು ಒಂದೇ ಆಗುವುದು. ಫಲ ಕಾಣುವಷ್ಟರಲ್ಲಿ ಮದುಮಗಳು ಆಷಾಢಕ್ಕೆ ತವರಿಗೆ ಬಂದಿರುತ್ತಾಳೆ ಎಂದು ಅವರೇ ನಕ್ಕರು. ಇರಲಿ ಎಂದೆ.

ಶನಿವಾರ ಮೊದಲ ಸರದಿ. ಸಾಗರದ ಸೊಸೆ ಅವರೇ, ಆ ಮರಗಟ್ಟಿಸುವ ಮುಲಾಮನ್ನು ಎಷ್ಟು ಹೊತ್ತು ಇಟ್ಟಿದ್ದರು? ಶಾಲೆ ಮುಗಿಸಿ ಸ್ಕೂಟರಿನಲ್ಲಿ ಹೋಗಿ ಬರುವ ಯೋಚನೆ.

ಸಾಗರದ ಸೊಸೆ | ಮಾರ್ಚ್ 9, ರಾತ್ರಿ 9.32

ಮುಕ್ಕಾಲು ಗಂಟೆ ಇಟ್ಟಿದ್ದರು ಅಕ್ಕ. ಸ್ಕೂಟರ್ ಬೇಡ. ಹೋಗುವಾಗ ಏನೂ ಅನಿಸುವುದಿಲ್ಲ, ಬರುವಾಗ ಹೆಲ್ಮೆಟ್ ಕೆನ್ನೆಗೆ ಒತ್ತಿ ಜೀವ ಹೋಗುತ್ತದೆ. ಆಟೋ ಮಾಡಿಕೊಂಡು ಬನ್ನಿ.